ಟವರ್ ಸರಿ, ಬೆಂಕಿ ಹಚ್ಚಿ ಕಲಿಸೋ ಕಟ್ಟಡ ಎಲ್ಲದ?
ರಾಯಚೂರಿಗೆ ಅಗ್ನಿಶಾಮಕ ತರಬೇತಿ ಕೇಂದ್ರ ಬೇಕು ಅಂತ ನಿಮ್ಮ ಪತ್ರಿಕೆಯ ಲೇಖನದಾಗ ಬರೆದದ್ದು ಖರೇನ. ಆದ್ರ ಅದರಾಗ ಏಣಿ ಹತ್ತಿ ಇಳಿಯೋದು ಕಲಿಸೋ ಟವರ್, ಮೈದಾನ, ಹಾಸ್ಟೆಲ್ ಬಿಟ್ರ ಬೆಂಕಿ ಹಚ್ಚಿ ಕಲಿಸೋ ಕಟ್ಟಡದ ಮಾತೇ ಇಲ್ಲ. ಅದನ್ನ ಮಾಮೂಲಿ ಆರ್‌ಸಿಸಿಯಾಗ ಕಟ್ಟಿ ಕೈತೊಳ್ಕೊಂಡ್ರ ಮುಗೀತು: ಮ್ಯಾಲಿಂದ ಮ್ಯಾಲೆ ಕಾಯ್ದು, ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಛತ್ತಿನ ಪದರು ಸಿಡಿದು ಬೀಳ್ತದ, ಸರಳು ಹೊರಗ ಕಾಣ್ತಾವ. ಒಳಗ ಶಾಖ ತಡೆಯೋ ಹೊದಿಕೆ, ಕೋಣೆಗೆ ಎರಡು ದಾರಿ, ಗೋಡೆಯ ಕಾವು ಅಳೆಯೋ ಥರ್ಮೋಕಪಲ್ ಇವನ್ನೆಲ್ಲ ಟೆಂಡರ್‌ದಾಗೇ ಬರೀಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಘದವರು (ಎನ್‌ಎಫ್‌ಪಿಎ) ಇಂಥ ತರಬೇತಿ ಕೇಂದ್ರಗಳಿಗಂತ್ಲೇ ಎನ್‌ಎಫ್‌ಪಿಎ 1402 ಅನ್ನೋ ಮಾನದಂಡ ಮಾಡಿದ್ರು, ನೋಡ್ರಿ.

ಇನ್ನ ನಮ್ಮ ಕಡೆ ಹತ್ತಿಯಿಂದ ಬೀಜ ಬಿಡಿಸೋ ಜಿನ್ನಿಂಗ್ ಮಿಲ್ ಅದಾವ. ಒತ್ತಿ ಕಟ್ಟಿದ ಹತ್ತಿ ಬೇಲ್‌ಗೆ ಬೆಂಕಿ ಬಿದ್ರ ಮ್ಯಾಲ ಎಷ್ಟು ನೀರು ಹೊಡೆದ್ರೂ ಒಳಗೊಳಗ ಹೊಗೆಯಾಡ್ತಿರ್ತದ. ಬಿಚ್ಚಿ ಆರಿಸೋದು ಕಲಿಸಾಕ ಬೇರೆ ಶೆಡ್ಡೇ ಬೇಕು. ಹೊಡೆದ ನೀರು ಸೋಸಿ ತೊಟ್ಟಿಗೆ ವಾಪಸ್ ಬರೋಹಂಗ ಇಳಿಜಾರು ಇಡ್ರಿ, ಬ್ಯಾಸಗಿಗೆ ಇಲ್ಲಿ ಕುಡಿಯೋ ನೀರಿಗೇ ಪರದಾಟ.