ಅಮೆರಿಕಕ್ಕೆ ಪಿಜ್ಜಾ ರುಚಿ ಹತ್ತಿಸಿದ್ದು ದೊಡ್ಡ ಕಂಪನಿಗಳೇ?

ಪರ: ಹೌದು, ಅವರಿಲ್ಲದಿದ್ದರೆ ಅದು ಇಟಲಿಯವರ ಕೇರಿಯ ತಿಂಡಿಯಾಗಿಯೇ ಉಳಿಯುತ್ತಿತ್ತು

1951ರಲ್ಲಿ ಮಿನಿಯಾಪೊಲಿಸ್‌ನ ರೋಸ್ ಮತ್ತು ಜಿಮ್ ಟೊಟಿನೊ ದಂಪತಿ ಪಿಜ್ಜಾ ಅಂಗಡಿ ಹಾಕೋಣ ಅಂತ ಬ್ಯಾಂಕಿನಲ್ಲಿ ಸಾಲ ಕೇಳಿದರು. ಬ್ಯಾಂಕಿನವರಿಗೆ ಪಿಜ್ಜಾ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ರೋಸ್ ಪಿಜ್ಜಾ ಮಾಡಿಕೊಂಡು ಹೋಗಿ ತಿನ್ನಿಸಿದ ಮೇಲೆಯೇ ಸಾಲ ಸಿಕ್ಕಿದ್ದು. ನ್ಯೂಯಾರ್ಕಿನಲ್ಲಿ ಇಟಲಿಯಿಂದ ಬಂದ ಲೊಂಬಾರ್ಡಿಯ ಪಿಜ್ಜಾ ಅಂಗಡಿ 1905ರಲ್ಲೇ ಶುರುವಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ನಲವತ್ತೈದು ವರ್ಷ ಕಳೆದರೂ ದೇಶದ ನಡುಭಾಗದ ಒಂದು ದೊಡ್ಡ ಊರಿನ ಬ್ಯಾಂಕಿಗೆ ಸುದ್ದಿ ಮುಟ್ಟಿರಲಿಲ್ಲ ಅಂದರೆ ಅದನ್ನು ಜನಪ್ರಿಯ ತಿಂಡಿ ಅನ್ನೋಕಾಗತ್ತಾ?

ಮುಟ್ಟಿಸಿದವರು ಬೇರೆ. 1958ರಲ್ಲಿ ಕಾನ್ಸಾಸ್‌ನ ವಿಚಿಟಾದಲ್ಲಿ ಡ್ಯಾನ್ ಮತ್ತು ಫ್ರಾಂಕ್ ಕಾರ್ನಿ ಅನ್ನುವ ಅಣ್ಣತಮ್ಮ ಅಮ್ಮನ ಹತ್ತಿರ 600 ಡಾಲರ್ ಸಾಲ ಪಡೆದು ಅಂಗಡಿ ತೆರೆದರು. ಬೋರ್ಡಿನಲ್ಲಿ ಪಿಜ್ಜಾ ಅಂತ ಬರೆದ ಮೇಲೆ ಇನ್ನು ಮೂರೇ ಇಂಗ್ಲಿಷ್ ಅಕ್ಷರಕ್ಕೆ ಜಾಗ ಇತ್ತಂತೆ, ಹಾಗಾಗಿ ಪಿಜ್ಜಾ ಹಟ್. ಇಬ್ಬರೂ ಇಟಲಿ ಮೂಲದವರಲ್ಲ. ಅದೇ ಅನುಕೂಲವಾಯಿತು ಅಂತ ನನಗನಿಸುತ್ತದೆ, ಯಾಕೆಂದರೆ 'ಇದು ಅವರ ಊಟ' ಅನ್ನುವ ಸಂಕೋಚವೇ ಗಿರಾಕಿಗಳಿಗೆ ಬರಲಿಲ್ಲ. ಎರಡು ವರ್ಷಕ್ಕೆ ಮಿಷಿಗನ್‌ನಲ್ಲಿ ಡಾಮಿನೋಸ್ ಹುಟ್ಟಿ, ಕಾಲೇಜು ಹುಡುಗರ ಹಾಸ್ಟೆಲ್ ಬಾಗಿಲಿಗೇ ಬಿಸಿಬಿಸಿ ಡಬ್ಬಿ ತಂದುಕೊಟ್ಟಿತು. ಊರಾಚೆಯ ಬಡಾವಣೆಗಳಲ್ಲಿ, ಕಾರಿಲ್ಲದೆ ಹಾಲೂ ಸಿಗದ ಕಡೆ ಇದ್ದವರಿಗೆ ಇನ್ನೇನು ಬೇಕಿತ್ತು!

ಪಿಜ್ಜಾ ಹಟ್ 1996ರಲ್ಲಿ ಬೆಂಗಳೂರಿಗೂ ಬಂತು. ನಮ್ಮಲ್ಲಿ ಎಷ್ಟೋ ಜನ ಮೊದಲ ಪಿಜ್ಜಾ ತಿಂದಿದ್ದು ಅದು ಹುಟ್ಟಿದ ಇಟಲಿಯ ನೇಪಲ್ಸ್ ಊರಿನವರ ಕೈಯಿಂದಲ್ಲ, ಇಂಥ ಕಂಪನಿಗಳ ಕೈಯಿಂದ.

ವಿರೋಧ: ಅಲ್ಲ, ಬೆಂದ ಮೇಲೆ ಬಡಿಸಲು ಬಂದವರು ಅವರು

ಬ್ಯಾಂಕಿನ ಕಥೆಯನ್ನೇ ತಗೊಳ್ಳಿ. ಅಲ್ಲಿ ಪಿಜ್ಜಾ ತಿನ್ನಿಸಿದ್ದು ಯಾರು? ಇಟಲಿಯಿಂದ ವಲಸೆ ಬಂದವರ ಮಗಳು. ಯಾವ ಕಂಪನಿಯೂ ಅಲ್ಲ.

ಕಂಪನಿಗಳು ಬರುವ ಹೊತ್ತಿಗೆ ಕಷ್ಟದ ಕೆಲಸವೆಲ್ಲ ಮುಗಿದಿತ್ತು. ಹಳೆಯ ಪಿಜ್ಜಾ ಬೇಯುತ್ತಿದ್ದದ್ದು ಕಲ್ಲಿದ್ದಲ ಒಲೆಯಲ್ಲಿ. ಅದನ್ನು ಕಟ್ಟಿಸೋಕೆ ದುಡ್ಡು ಬೇಕು, ಉರಿ ನೋಡಿಕೊಳ್ಳೋಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು. 1930ರ ದಶಕದಲ್ಲಿ ನ್ಯೂಯಾರ್ಕಿನ ಫ್ರಾಂಕ್ ಮಾಸ್ಟ್ರೊ ಪಿಜ್ಜಾಕ್ಕೆಂದೇ ಗ್ಯಾಸ್ ಒಲೆ ತಂದ ಮೇಲೆ, ಸಣ್ಣ ಮಳಿಗೆ ಬಾಡಿಗೆಗೆ ಹಿಡಿದ ಯಾರು ಬೇಕಾದರೂ ಅಂಗಡಿ ಹಾಕಬಹುದಾಯಿತು. ಬೇಯಿಸಿಟ್ಟ ಪಿಜ್ಜಾವನ್ನು ತುಂಡು ಲೆಕ್ಕದಲ್ಲಿ ಮತ್ತೆ ಬಿಸಿ ಮಾಡಿ, ಮಡಚಿ ಕೈಗೆ ಕೊಟ್ಟರೆ ನಡೆಯುತ್ತಲೇ ತಿನ್ನಬಹುದು. ತಟ್ಟೆ ಬೇಡ, ಫೋರ್ಕ್ ಬೇಡ, ಜೇಬಿನಲ್ಲಿ ಚಿಲ್ಲರೆ ಇದ್ದರೆ ಸಾಕು. ನನ್ನ ಕೇಳಿದರೆ ಪಿಜ್ಜಾ ಅಮೆರಿಕದ್ದಾಗಿದ್ದು ಆ ತುಂಡಿನಲ್ಲೇ.

ಜೊತೆಗೆ ಒಂದೊಂದು ಊರೂ ತನ್ನ ಕೈಚಳಕ ಸೇರಿಸಿತು. ನ್ಯೂ ಹೇವನ್‌ನಲ್ಲಿ ಫ್ರಾಂಕ್ ಪೆಪೆ 1925ರಲ್ಲೇ ಅಂಗಡಿ ಇಟ್ಟಿದ್ದ. ಶಿಕಾಗೋದಲ್ಲಿ 1943ರಲ್ಲಿ ಪಿಜ್ಜೇರಿಯಾ ಉನೊ ಶುರುವಾಯಿತು, ಆ ಊರಿನ ದಪ್ಪ ಪಿಜ್ಜಾದ ಹೆಸರು ಬೆಳೆದದ್ದು ಅಲ್ಲಿಂದಲೇ. ಡೆಟ್ರಾಯಿಟ್‌ನ ಬಡ್ಡೀಸ್ ಅಂಗಡಿಯವರದ್ದಂತೂ ಮಜಾ: ಕಾರ್ ಕಾರ್ಖಾನೆಯಲ್ಲಿ ಬಿಡಿಭಾಗ ಹಾಕಿಡುವ ಉಕ್ಕಿನ ಚೌಕ ಟ್ರೇಗಳಲ್ಲೇ 1946ರಲ್ಲಿ ಪಿಜ್ಜಾ ಬೇಯಿಸಿದರು, ಅಂಚಿನಲ್ಲಿ ಚೀಸ್ ಕರಿದಂತೆ ಗರಿಗರಿಯಾಯಿತು. ಇವೆಲ್ಲ ಪಿಜ್ಜಾ ಹಟ್ ಹುಟ್ಟುವುದಕ್ಕೂ ಮೊದಲಿನವು. ಯಾರಿಗೂ ಬೇಡದ ತಿಂಡಿ ನಂಬಿ ಯಾವ ತಾಯಿ 600 ಡಾಲರ್ ಕೊಡುತ್ತಾಳೆ ಹೇಳಿ?

(ಎರಡನೇ ಮಹಾಯುದ್ಧಕ್ಕೆ ಹೋದ ಸೈನಿಕರು ಇಟಲಿಯಲ್ಲಿ ರುಚಿ ನೋಡಿ ಬಂದರು ಅಂತಲೂ ಹೇಳುತ್ತಾರೆ. ನನಗೇನೋ ಅನುಮಾನ, ಆಗ ನೇಪಲ್ಸ್‌ನಲ್ಲಿ ಹಿಟ್ಟಿಗೇ ಬರ ಇತ್ತು.)

ಇನ್ನು ಮನೆಬಾಗಿಲಿಗೆ ತಲುಪಿಸುವ ಮಾತು. ಡಾಮಿನೋಸ್ ಮಾರಿದ್ದು ಅರ್ಧ ಗಂಟೆಯಲ್ಲಿ ತಲುಪಿಸುತ್ತೇವೆ ಅನ್ನುವ ಮಾತನ್ನು, ಪಿಜ್ಜಾವನ್ನಲ್ಲ. ಅವಸರದ ಗಾಡಿಗಳಿಂದ ಅಪಘಾತವಾಗಿ ಕೇಸು ಬಿದ್ದು, 1993ರಲ್ಲಿ ಆ ಗ್ಯಾರಂಟಿಯನ್ನೇ ಕೈಬಿಟ್ಟರು. ಅಷ್ಟಾದರೂ ಜನ ಪಿಜ್ಜಾ ತಿನ್ನೋದು ಬಿಟ್ಟರಾ?

ರೋಸ್ ಟೊಟಿನೊ ಆಮೇಲೆ ಫ್ರೋಜನ್ ಪಿಜ್ಜಾ ಮಾಡಿ ದೇಶವೆಲ್ಲ ಮಾರಿದರು. 1975ರಲ್ಲಿ ಅದೇ ಊರಿನ ಪಿಲ್ಸ್‌ಬರಿ ಕಂಪನಿ ಆ ವ್ಯಾಪಾರವನ್ನು ಕೊಂಡು ರೋಸ್ ಅವರನ್ನೇ ಉಪಾಧ್ಯಕ್ಷೆ ಮಾಡಿತು, ಆ ಕಂಪನಿಯಲ್ಲಿ ಅಂಥ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು.