ಶಹಾಬಾದ್ ಪರಸಿಗೆ ಆ್ಯಸಿಡ್: ಆ ನೊರೆ ಕೊಳೆಯದ್ದಲ್ಲ

"ಪರಸಿ ಮೇಲೆ ಟಾಯ್ಲೆಟ್ ಆ್ಯಸಿಡ್ ಸುರುವಿ, ನೊರೆ ಬಂದಷ್ಟೂ ಕೊಳೆ ಬಿಡ್ತದ" ಎಂಬ ಸಲಹೆ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಪರಸಿಯಾಗಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣದಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವುದೂ ಸುಣ್ಣದಕಲ್ಲೇ. ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಟಾಯ್ಲೆಟ್ ಆ್ಯಸಿಡ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬುರಬುರ ನೊರೆ ಅದೇ. 73 ಗ್ರಾಂ ಆಮ್ಲ 100 ಗ್ರಾಂ ಕಾರ್ಬೊನೇಟನ್ನು ಕರಗಿಸುತ್ತದೆ. ಶೇ 10ರ ಆ್ಯಸಿಡ್ ಒಂದು ಲೀಟರ್ ಸುರಿದರೆ 130 ಗ್ರಾಂಗೂ ಹೆಚ್ಚು ಕಲ್ಲು ಹೋಯಿತೆಂದೇ ಲೆಕ್ಕ. ಮೊದಲ ದಿನ ನೆಲ ಬೆಳ್ಳಗೆ ಕಾಣುವುದು ನಿಜ. ಆದರೆ ಪಾಲಿಶ್ ಹೋಗಿ ಮೈ ತರಕಲಾಗಿರುತ್ತದೆ, ಮುಂದೆ ಎಣ್ಣೆ, ಚಹಾ ಬೇಗ ಇಳಿಯುತ್ತವೆ. ಸಂದಿನ ಸಿಮೆಂಟೂ ಉದುರುತ್ತದೆ. ನಿಂಬೆ, ಹುಣಸೆ, ವಿನೆಗರ್ ಕೂಡ ನಿಧಾನವಾಗಿ ಇದನ್ನೇ ಮಾಡುತ್ತವೆ.

ಬೋರ್‌ವೆಲ್ ನೀರಿನ ಬಿಳಿ ಪದರವೂ ಬಹುಪಾಲು ಕಾರ್ಬೊನೇಟೇ. ಆ್ಯಸಿಡ್‌ಗೆ ಪದರ ಯಾವುದು, ಪರಸಿ ಯಾವುದು ಎಂಬ ಭೇದವಿಲ್ಲ. ಆ ಪದರವನ್ನು ನೀರಿನಿಂದ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ದಿನದ ಕೊಳೆಗೆ ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಎಣ್ಣೆ ಕಲೆಗೆ ತಿನ್ನುವ ಸೋಡಾವನ್ನು ನೀರಲ್ಲಿ ಕಲಸಿ ದಪ್ಪಗೆ ಮೆತ್ತಿ, ರಾತ್ರಿಯಿಡೀ ಬಿಟ್ಟು ಒರೆಸಿ.

ಈಗಾಗಲೇ ಆ್ಯಸಿಡ್ ಬಿದ್ದಿದ್ದರೆ ಧಾರಾಳ ನೀರು ಹಾಕಿ, ಆಮೇಲೆ ತಿನ್ನುವ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಆ್ಯಸಿಡ್ ಇರುವಲ್ಲಿ ಬ್ಲೀಚಿಂಗ್ ಪೌಡರ್ ಮಾತ್ರ ಖಂಡಿತ ಹಾಕಬೇಡಿ: ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.