'ಬಹುಶಃ' ಅನ್ನೋ ಒಂದೇ ಪದ ಸಾಲದು

ಕಳೆದ ಶುಕ್ರವಾರ ಸಂಜೆ ಪಕ್ಕದ ಮನೆ ಅಕ್ಕ ಒಂದು ಫೈಲ್ ಹಿಡ್ಕೊಂಡು ಬಂದರು. ಜಗಳೂರು ಕಡೆಯವರು. ಮಗನ ಓದಿಗೆ ಅಂತ ಇಲ್ಲೇ ದಾವಣಗೆರೆಯ ನಿಟುವಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. "ಟೀಚರ್, ಇದನ್ನ ಸ್ವಲ್ಪ ಓದಿ ಹೇಳ್ರಿ. ಡಾಕ್ಟ್ರು ಸೋಮವಾರ ಸಿಗ್ತಾರಂತೆ" ಅಂದರು. ನೋಡಿದರೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ರಿಪೋರ್ಟ್. ಕೊನೆಯ ಸಾಲಿನಲ್ಲಿ 'ಪ್ರಾಬಬ್ಲಿ ಬಿನೈನ್' ಅಂತ ಇತ್ತು. ಪಕ್ಕದಲ್ಲಿ 'ಬೈರ್ಯಾಡ್ಸ್ 3'.

ಮಗ ಆಗಲೇ ಮೊಬೈಲಿಗೆ ಹಾಕಿ ಕನ್ನಡ ಮಾಡಿ ತೋರಿಸಿದ್ದ. 'ಬಹುಶಃ ಅಪಾಯವಿಲ್ಲದ್ದು' ಅಂತ ಬಂದಿತ್ತು. ಅಕ್ಕನ ಕಿವಿಗೆ ಬಿದ್ದಿದ್ದು 'ಬಹುಶಃ' ಮಾತ್ರ. "ಬಹುಶಃ ಅಂದ್ರೆ ಅವರಿಗೂ ಗ್ಯಾರಂಟಿ ಇಲ್ಲ ಅಂತ ತಾನೇ? ಅರ್ಧಕ್ಕರ್ಧ ಕ್ಯಾನ್ಸರ್ ಇದ್ರೂ ಇರಬಹುದು ಅಂತ ತಾನೇ?" ಅಂತ ಕೇಳಿದರು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮುಖ ಬಾಡಿಹೋಗಿತ್ತು.

ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಹದಿನೈದು ವರ್ಷದಿಂದ ಬೋರ್ಡ್ ಮೇಲೆ ಬರೆದಿದ್ದೇನೆ: ಮೇಬಿ ಅಂದ್ರೆ ಬಹುಶಃ, ಪರ್‌ಹ್ಯಾಪ್ಸ್ ಅಂದ್ರೆ ಬಹುಶಃ, ಪ್ರಾಬಬ್ಲಿ ಅಂದ್ರೆ ಬಹುಶಃ, ಪಾಸಿಬ್ಲಿ ಅಂದ್ರೂ ಅದೇ. ಮಕ್ಕಳು ಬರೆದುಕೊಂಡು ಹೋಗಿದ್ದಾರೆ. ಆ ಸಂಜೆ ಅಕ್ಕನ ಮುಂದೆ ಕೂತಾಗ ಅದು ನೆನಪಾಗಿ ಮನಸ್ಸಿಗೆ ತುಂಬಾ ಕಸಿವಿಸಿ ಆಯಿತು.

ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಈಗ ಸ್ಕ್ಯಾನಿಂಗ್ ವಿಭಾಗದಲ್ಲೇ ಪಿ.ಜಿ. ಮಾಡ್ತಿದ್ದಾಳೆ. ಅವಳಿಗೆ ಫೋನ್ ಹಚ್ಚಿದೆ. ಅವಳು ಹೇಳಿದ್ದಿಷ್ಟು. ಈ ಬೈರ್ಯಾಡ್ಸ್ ಅನ್ನೋದು ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆ ಮಾಡಿದ ಪಟ್ಟಿ. ಅದರಲ್ಲಿ ಪದಕ್ಕೆ ಪದ ತೂಕ ಕಟ್ಟಿಟ್ಟಿದ್ದಾರೆ. 'ಪ್ರಾಬಬ್ಲಿ ಬಿನೈನ್' ಅಂದರೆ ಕ್ಯಾನ್ಸರ್ ಇರುವ ಸಂಭವ 100ಕ್ಕೆ 2, ಇಲ್ಲವೇ ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೊಮ್ಮೆ ನೋಡ್ತಾರೆ. 4ನೇ ವರ್ಗಕ್ಕೆ 'ಸಸ್ಪಿಶಿಯಸ್', ಅಂದರೆ ಅನುಮಾನ ಪಡುವಂಥದ್ದು ಅಂತಾರೆ. ಅದು 2ರಿಂದ 95ರವರೆಗೆ ಹರಡಿದೆ. ಅಷ್ಟು ಅಗಲ ಇರೋದಕ್ಕೇ ಅದನ್ನು ಎ, ಬಿ, ಸಿ ಅಂತ ಮೂರು ಮಾಡಿದ್ದಾರೆ. 5ನೆಯದು 'ಹೈಲಿ ಸಜೆಸ್ಟಿವ್', ಅಂದರೆ ಕ್ಯಾನ್ಸರ್ ಕಡೆಗೇ ಬಲವಾಗಿ ಬೆರಳು ತೋರಿಸೋದು, 95 ಮತ್ತು ಮೇಲೆ. ನೋಡಿ, 'ಸಜೆಸ್ಟ್' ಅಂದರೆ ಸಲಹೆ ಕೊಡೋದು ಅಂತ ನಾನು ಕಲಿಸ್ತೀನಿ. ಎಷ್ಟು ಹಗುರಾದ ಪದ ಅಲ್ವಾ? ಈ ಪಟ್ಟಿಯಲ್ಲಿ ಅನುಮಾನ ಹೇಳೋ ಪದಗಳಲ್ಲಿ ಅದಕ್ಕಿಂತ ಭಾರದ್ದು ಇನ್ನೊಂದಿಲ್ಲ.

ಅಕ್ಕನಿಗೆ ಹೇಳಿದೆ. "ಇಂಥ ರಿಪೋರ್ಟ್ ಬಂದ ನೂರು ಹೆಂಗಸರನ್ನ ನಿಲ್ಲಿಸಿದ್ರೆ, ಕಡಿಮೆ ಅಂದ್ರೂ ತೊಂಬತ್ತೆಂಟು ಜನಕ್ಕೆ ಕ್ಯಾನ್ಸರ್ ಇರಲ್ಲ ಅಕ್ಕ. ಉಳಿದಿದ್ದನ್ನ ಡಾಕ್ಟ್ರ ಹತ್ರ ಕೇಳೋಣ." ಅವರು ಸುಮ್ನೆ ಕೂತು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ "ಹಂಗಾದ್ರೆ ಅದನ್ನೇ ಬರೀಬಾರ್ದಾ?" ಅಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದು ಇಂಗ್ಲಿಷ್ ಬಾರದವರ ಕಷ್ಟ ಅಂತ ನಾವು ಅಂದ್ಕೋತೀವಿ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರಿಗೂ ಇದು ತಪ್ಪಿಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯವರು ಒಂದು ವರದಿ ಬರೆದರು. ಆ ವರ್ಷ ಯುಗೊಸ್ಲಾವಿಯಾ ಮೇಲೆ ದಾಳಿ ನಡೆಯುವುದು 'ಸೀರಿಯಸ್ ಪಾಸಿಬಿಲಿಟಿ' ಅಂತ. ಆ ತಂಡದಲ್ಲಿದ್ದ ಶರ್ಮನ್ ಕೆಂಟ್ ಅವರನ್ನು ಒಬ್ಬರು ಹಾಗಂದ್ರೆ ಎಷ್ಟು ಅಂತ ಕೇಳಿದರು. ಕೆಂಟ್ 100ಕ್ಕೆ 65 ಅಂದರು. ಕೇಳಿದವರು ಅದಕ್ಕಿಂತ ತುಂಬಾ ಕಡಿಮೆ ಅಂತ ತಿಳಿದಿದ್ದರು. ಆಮೇಲೆ ಕೆಂಟ್ ತಮ್ಮ ತಂಡದವರನ್ನೇ ವಿಚಾರಿಸಿದರೆ ಒಬ್ಬರ ಮನಸ್ಸಿನಲ್ಲಿ 20, ಇನ್ನೊಬ್ಬರಲ್ಲಿ 80! ಒಂದೇ ಮೇಜಿನ ಸುತ್ತ ಕೂತು, ಒಪ್ಪಿ ಬರೆದ ಪದ ಅದು.

ಮಳೆ ವಿಷಯ ಅಂತೂ ನಮ್ಮ ಜಿಲ್ಲೆಯಲ್ಲಿ ಕೇಳಲೇಬೇಡಿ. ಅಕ್ಕನ ಯಜಮಾನರು ಊರಲ್ಲಿ ಮೆಕ್ಕೆಜೋಳ ಹರವಿ ಕೂತಿರ್ತಾರೆ. ಪೇಪರಿನಲ್ಲಿ 'ಮಳೆ ಸಾಧ್ಯತೆ' ಅಂತ ಬಂದರೆ ತಾಡಪಾಲು ಹೊದಿಸಬೇಕೋ ಬೇಡವೋ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬರೀ 'ಲೈಕ್ಲಿ' ಅಂದರೆ 25ರಿಂದ 50ರಷ್ಟು ಸಂಭವ. 'ವೆರಿ ಲೈಕ್ಲಿ' 50ರಿಂದ 75. 'ಮೋಸ್ಟ್ ಲೈಕ್ಲಿ' ಅದಕ್ಕೂ ಮೇಲೆ. ಅದೇ 'ಲೈಕ್ಲಿ'ಯನ್ನು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ವರದಿಗಳು 66ಕ್ಕಿಂತ ಮೇಲೆ ಅಂತ ಹಿಡಿಯುತ್ತವೆ. ಕನ್ನಡಕ್ಕೆ ಬರುವಷ್ಟರಲ್ಲಿ ಇದೆಲ್ಲ 'ಸಾಧ್ಯತೆ ಇದೆ' ಅನ್ನೋ ಒಂದೇ ಚೀಲಕ್ಕೆ ಬೀಳುತ್ತೆ. ಕಣದಲ್ಲಿ ನಿಂತವರಿಗೆ ಆ ಮೂರು ಅಳತೆಯೂ ಬೇಕು.

ನನಗೆ ಜಾಸ್ತಿ ಬೇಜಾರಾಗೋದು ಇಲ್ಲಿ: ಕನ್ನಡದಲ್ಲಿ ಪದ ಇಲ್ಲ ಅಂತ ಅಲ್ಲವೇ ಅಲ್ಲ. ಅನುಮಾನವನ್ನು ಇಷ್ಟು ನಯವಾಗಿ ಅಳೆಯೋ ಭಾಷೆ ನಮ್ಮದು. ಮೋಡ ನೋಡಿ ನಮ್ಮಜ್ಜಿ ಹೇಳುತ್ತಿದ್ದ ಮಾತು ನೆನೆಸಿಕೊಳ್ಳಿ. ಬಂದ್ರೆ ಬಂತು. ಬರುತ್ತೇನೋ. ಬಂದೀತು. ಬರಬಹುದು. ಬರೋ ಹಂಗೈತೆ. ಬಂದೇ ಬರ್ತೈತೆ. ಒಂದೊಂದಕ್ಕೂ ಅಜ್ಜಿಯ ಕೆಲಸ ಬೇರೆ. 'ಬಂದೀತು' ಅಂದರೆ ಹಪ್ಪಳದ ಮೇಲೆ ಒಂದು ಕಣ್ಣು. 'ಬರೋ ಹಂಗೈತೆ' ಅಂದರೆ ಹಪ್ಪಳ ಒಳಗೆ. 'ಬಂದೀತು' ಅನ್ನೋ ರೂಪಕ್ಕೆ ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಹೆಸರೇ ಇದೆ. ಕ್ರಿಯಾಪದದ ಒಳಗೇ ಅನುಮಾನ ಕೂತಿರುತ್ತೆ. ಇಂಗ್ಲಿಷಿನಲ್ಲಿ ಅದಕ್ಕೆ 'ಮೇ', 'ಮೈಟ್' ಅಂತ ಬೇರೆ ಪದ ತಂದು ನಿಲ್ಲಿಸಬೇಕು. ಹಾಗೇ 'ಬಂತಂತೆ'. ನಾನು ಕಂಡಿಲ್ಲ, ಯಾರೋ ಹೇಳಿದ್ದು ಅನ್ನೋದು ಆ 'ಅಂತೆ'ಯಲ್ಲೇ ಮುಗೀತು.

'ಡೌಟ್' ಮತ್ತು 'ಸಸ್ಪೆಕ್ಟ್' ವಿಷಯಕ್ಕೆ ಮಕ್ಕಳು ಪ್ರತಿ ವರ್ಷ ಎಡವುತ್ತಾರೆ. ಎರಡಕ್ಕೂ ನಿಘಂಟಿನಲ್ಲಿ ಅನುಮಾನ ಅಂತ ಇರುತ್ತೆ. ಆದರೆ 'ಐ ಡೌಟ್' ಅಂದರೆ ಮನಸ್ಸು ಇಲ್ಲ ಅನ್ನೋ ಕಡೆ ವಾಲಿದೆ. 'ಐ ಸಸ್ಪೆಕ್ಟ್' ಅಂದರೆ ಹೌದು ಅನ್ನೋ ಕಡೆ. ಈ ವರ್ಷ ನಾನು ಬೋರ್ಡ್ ಮೇಲೆ ಎರಡು ಕನ್ನಡ ವಾಕ್ಯ ಬರೆದೆ. 'ಅವನು ಕದ್ದಿರೋದು ಅನುಮಾನ.' 'ಅವನು ಕದ್ದಿದ್ದಾನೆ ಅಂತ ಅನುಮಾನ.' ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಮಿಸ್, ಮೊದಲನೇದ್ರಲ್ಲಿ ಅವನು ಬಚಾವ್, ಎರಡನೇದ್ರಲ್ಲಿ ಸಿಕ್ಕಾಕ್ಕೊಂಡ" ಅಂದ. ಅಷ್ಟೇ ಬೇಕಾಗಿದ್ದು. ಅವನಿಗೆ ಎಲ್ಲ ಗೊತ್ತಿತ್ತು. ಅವನ ಕನ್ನಡದಿಂದ ಶುರು ಮಾಡೋದು ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

ಡಾಕ್ಟರುಗಳಲ್ಲಿ, ಲ್ಯಾಬಿನವರಲ್ಲಿ ನನ್ನದೊಂದು ವಿನಂತಿ. ಈ ಊರಿಗೆ ಚಿತ್ರದುರ್ಗ, ಹರಪನಹಳ್ಳಿ, ಚನ್ನಗಿರಿ ಕಡೆಯಿಂದೆಲ್ಲ ಜನ ಬಸ್ ಹತ್ತಿ ಬರ್ತಾರೆ. ರಿಪೋರ್ಟ್ ಇಂಗ್ಲಿಷಿನಲ್ಲೇ ಇರಲಿ. ಕೆಳಗೆ ಒಂದು ಸಾಲು ಕನ್ನಡದಲ್ಲಿ, ಅಂಕಿ ಇದ್ದರೆ ಅಂಕಿ ಸಮೇತ ಬರೆಯಿರಿ. ರಿಪೋರ್ಟ್ ಹಿಡಿದು ಬರುವವರು ಕೂಡ 'ನೂರಕ್ಕೆ ಎಷ್ಟು ಸಾರ್?' ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.

ಸೋಮವಾರ ಅಕ್ಕನ ಜೊತೆ ನಾನೂ ಹೋಗಿದ್ದೆ. ಒಳಗೆ ಕೂತ ಕೂಡಲೇ ಅಕ್ಕ ಅದನ್ನೇ ಕೇಳಿದರು. ಡಾಕ್ಟರು ತಲೆ ಎತ್ತಿ ನೋಡಿ, ಪೆನ್ ತೆಗೆದು, ಫೈಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು: '100ಕ್ಕೆ 2ಕ್ಕಿಂತ ಕಡಿಮೆ. ಆರು ತಿಂಗಳಿಗೆ ತಪ್ಪದೆ ಬನ್ನಿ.' ಬಸ್ ಸ್ಟಾಪಿನಲ್ಲಿ ಅಕ್ಕ ಯಜಮಾನರಿಗೆ ಫೋನ್ ಮಾಡಿ, ಆ ಎರಡು ಸಾಲನ್ನು ಹಾಗೇ ಓದಿ ಹೇಳಿದರು.